ಮಾಳಿಗೆ ಮೇಲೊಬ್ಬ, ಟಿವಿ ಮುಂದೊಬ್ಬ

ಡಿಶ್ ಕೂರಿಸುವ ಕಸುಬಿಗೆ ಇಳಿದವನು ಮಂದಿಯ ಮಾಳಿಗೆಯನ್ನೂ ಹತ್ತಬೇಕು, ಮನೆಯ ಒಳಗನ್ನೂ ನೋಡಬೇಕು. ಎರಡರ ನಡುವೆ ದಿನಕ್ಕೊಂದು ಫಜೀತಿ ಇದ್ದೇ ಇರುತ್ತದೆ. ಕೇಳಿದವರು ನಗುತ್ತಾರೆ. ನನಗೆ ಸಂಜೆ ಹೊತ್ತಿಗೆ ನಗುವಷ್ಟು ತ್ರಾಣ ಉಳಿದಿರುವುದಿಲ್ಲ.

ನಾನೂ ನಮ್ಮಣ್ಣನೂ ಸಿಂಧನೂರಿನಲ್ಲಿ ಅಂಗಡಿ ಇಟ್ಟಿದ್ದೇವೆ. ಲಿಂಗಸುಗೂರು, ಮಸ್ಕಿ ಕಡೆಗೂ ನಾವೇ ಹೋಗುತ್ತೇವೆ. ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬ ಮಾಳಿಗೆ ಮೇಲೆ ಡಿಶ್ಶನ್ನು ಚೂರುಚೂರೇ ತಿರುಗಿಸುತ್ತ "ಬಂತೇನೋ?" ಅನ್ನಬೇಕು. ಇನ್ನೊಬ್ಬ ಕೆಳಗೆ ಟಿವಿ ನೋಡುತ್ತ "ಬಂತು... ಹೋತು... ಇನ್ನ ಜರಾ ಎಡಕ" ಎಂದು ಒದರಬೇಕು. ಮೊದಲಿನಿಂದ ಅಣ್ಣ ಮೇಲೆ, ನಾನು ಕೆಳಗೆ. ಈ ಬೇಸಿಗೆಯಲ್ಲಿ ಅವನ ಮೊಣಕಾಲು ಕೈಕೊಟ್ಟು ನಿಚ್ಚಣಿಕೆಯಿಂದ ಜಾರಿದ. "ಇನ್ನ ನೀ ಹತ್ತಬ್ಯಾಡ" ಎಂದು ಗಿರಾಕಿಯ ಎದುರೇ ಹೇಳಿ ನಾನು ಹತ್ತತೊಡಗಿದೆ. ಅವನೂ ಒಪ್ಪಿದ.

ಅದೇ ಸುಮಾರಿಗೆ ಟಿವಿಯಲ್ಲಿ ಒಂದು ದೆವ್ವದ ಧಾರಾವಾಹಿ ಶುರುವಾಯಿತು. ಹಳೇ ವಾಡೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ತಮ್ಮನ ಮೈಯಲ್ಲಿ ದೆವ್ವ. ಊರೇ ಓಡಿಹೋದರೂ ಅಣ್ಣ ತಮ್ಮನನ್ನು ಬಿಟ್ಟು ಹೋಗುವುದಿಲ್ಲ. ದಿನಾ ಸಂಜೆ ಏಳೂವರೆಗೆ. ಆ ಹೊತ್ತಿಗೆ ಚಿತ್ರ ಹೋಯಿತೆಂದರೆ ಮಂದಿ ನಮ್ಮ ಜೀವ ತಿನ್ನುತ್ತಾರೆ. ನಾನು ಯಾವಾಗಲೂ ಮಾಳಿಗೆ ಮೇಲಿರುವವನಾದ್ದರಿಂದ ಒಂದು ಕಂತನ್ನೂ ನೋಡಿದವನಲ್ಲ.

ಒಂದು ದಿನ ಇದ್ದಕ್ಕಿದ್ದಂತೆ ಅಣ್ಣ "ಮಾಳಿಗಿ ನಾನ ಹತ್ತತೀನಿ" ಎಂದು ಹಟ ಹಿಡಿದ. ನಾನು ಬಿಡಲಿಲ್ಲ. ಅವನು ನನ್ನೊಡನೆ ಮಾತು ಬಿಟ್ಟ. ಕೊನೆಗೆ ತನ್ನ ಹೆಂಡತಿ, ನಮ್ಮ ವೈನಿಯ ಕೈಲಿ ಹೇಳಿಕಳಿಸಿದ: ಬೇರೆ ಆಗೋಣ, ಸಿಂಧನೂರು ನನಗೆ, ಲಿಂಗಸುಗೂರು ಮಸ್ಕಿ ತಮ್ಮನಿಗೆ, ಮಸ್ಕಿಯ ಸೋದರಮಾವ ಕೂತು ಬಗೆಹರಿಸಲಿ. ಹತ್ತಬೇಡವೆಂದು ಗಿರಾಕಿಯ ಎದುರು ಹೇಳಿದ್ದು ಅವನ ಮನಸ್ಸಿಗೆ ಚುಚ್ಚಿದೆ ಅಂದುಕೊಂಡೆ. ಅಣ್ಣನಿಲ್ಲದ ಅಂಗಡಿಯನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಮಾವ ಬಿಡುವಾಗುವ ತನಕ ಇಬ್ಬರೂ ಒಂದೇ ಬೈಕಿನಲ್ಲಿ, ಬಾಯಿ ಹೊಲಿದುಕೊಂಡು ತಿರುಗಿದೆವು.

ದೆವ್ವ ಬಿಡಿಸುವ ಗುತ್ತಿಗೆ

ಸಿಂಧನೂರಿನಲ್ಲೇ ಒಬ್ಬ ಅಮ್ಮ ಅಂಗಡಿಗೆ ಬಂದರು.

"ಏನಪಾ, ಆ ತಮ್ಮನ ಮೈಯಾಗಿನ ದೆವ್ವ ಇನ್ನೂ ಬಿಟ್ಟಿಲ್ಲಲ್ಲ. ಯಾವಾಗ ಬಿಡಸ್ತೀರಿ?"

"ಅವ್ವಾರ, ಅದು ನಮ್ಮ ಕೈಯಾಗಿಲ್ರಿ. ನಾವು ಬರೇ ಡಿಶ್ ಕೂಡಸೋರು."

"ತಿಂಗಳಾ ತಿಂಗಳಾ ರೊಕ್ಕಾ ತಗೊಳ್ಳೋರು ನೀವು. ದೆವ್ವ ಬಿಡಿಸಾಕ ಬ್ಯಾರೆಯವರ ಕಡೆ ಹೋಗಬೇಕೇನು?"

ಅಣ್ಣನ ಕಡೆ ನೋಡಿದೆ. ಅವನು ಬೆನ್ನು ತಿರುಗಿಸಿ ವೈರು ಸುತ್ತುತ್ತಿದ್ದ. ಇಬ್ಬರ ಪಾಲಿನ ಬೈಗುಳವನ್ನೂ ನಾನೊಬ್ಬನೇ ತಿಂದೆ. ಸಾಕಾಗಿ, "ಅಮಾಸಿ ಕಳೀಲಿ ತಡೀರಿ, ಬಿಡಿಸೋಣಂತ" ಅಂದೆ. ಅಮ್ಮ ಸಮಾಧಾನದಿಂದ ಹೋದರು. ಅಮಾವಾಸ್ಯೆಯ ಮಾರನೇ ದಿನ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು.

ತುರ್ವಿಹಾಳದ ಅಜ್ಜಿ

ಮಾತು ಬಿಟ್ಟ ಇಬ್ಬರು ಡಿಶ್ ಕೂರಿಸುವುದು ಹೇಗೆ? ತುರ್ವಿಹಾಳದಲ್ಲಿ ಮನೆಯ ಅಜ್ಜಿಯನ್ನೇ ನಡುವೆ ಇಟ್ಟುಕೊಂಡೆವು. ನಾನು ಮೇಲಿನಿಂದ ಆಕಾಶಕ್ಕೆ ಕೇಳಿದಂತೆ "ಬಂತೇನ್ರೀ?" ಅಂದೆ. ಒಳಗೆ ಅಣ್ಣ, "ಬಂದಿಲ್ಲ, ಎಡಕ ತಿರುವು ಅಂತ ಹೇಳಬೇ ಅವಗ" ಅಂದದ್ದು ನನಗೆ ಕೇಳಿಸಿತು.

ಅಜ್ಜಿ ಅಂಗಳಕ್ಕೆ ಬಂದು ತಲೆ ಎತ್ತಿದಳು. "ತಮ್ಮಾ, ಉಂಡೀಯೇನಂತ ಕೇಳಾಕತ್ತಾನ ನಿಮ್ಮಣ್ಣ."

"ಉಂಡೀನಿ ಅನ್ನಬೇ."

ಒಳಗೆ ಹೋಗಿ ಹೇಳಿದಳು: "ನಿನ್ನ ಬಿಟ್ಟು ಅವಗ ಅನ್ನ ಇಳೀವಲ್ದಂತ."

"ಯವ್ವಾ, ನಾ ಎಡಕ ತಿರುವು ಅಂದಿದ್ನಲ್ಲ!"

"ಎಡಕ ಬಲಕ ನನಗ ತಿಳಿಯಂಗಿಲ್ಲಪಾ. ಉಣ್ಣೋದು ತಿಳೀತೈತಿ. ಟೀವ್ಯಾಗ ದೆವ್ವ ಹಿಡಿದ ತಮ್ಮಗ ಆ ಅಣ್ಣ ತುತ್ತು ಮಾಡಿ ಉಣಸ್ತಾನ, ನೋಡೀಯಿಲ್ಲೋ?"

ಇಬ್ಬರಿಗೂ ರೊಟ್ಟಿ ಬಡಿಸಿದಳು. ನಾವು ಬೆನ್ನಿಗೆ ಬೆನ್ನು ಹಚ್ಚಿ ಕೂತು ಉಂಡೆವು. "ಬದನಿಕಾಯಿ ಪಲ್ಲೆ ಛಲೋ ಆಗೈತಂತ" ಎಂದು ಅಜ್ಜಿ ಇಬ್ಬರ ಪರವಾಗಿಯೂ ತಾನೇ ಹೇಳಿಕೊಂಡಳು.

ಹಟ್ಟಿಯ ಧೈರ್ಯವಂತ

ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸಗಾರನೊಬ್ಬ ಫೋನು ಮಾಡಿ ಕರೆಸಿದ್ದ. ಒಳ್ಳೇ ಕಟ್ಟುಮಸ್ತಾದ ಆಳು. ಹೆಂಡತಿ ನೀರಿಗೆ ಹೋದದ್ದನ್ನು ನೋಡಿಕೊಂಡು ನಮ್ಮನ್ನು ಮೂಲೆಗೆ ಕರೆದ.

"ಭೂಮಿ ಒಳಗ ಕತ್ತಲದಾಗ ಕೆಲಸಾ ಮಾಡಾವ ನಾನು. ಒಂದಿನಾ ಅಂಜಿಲ್ಲ. ಆದ್ರ ಆ ಏಳೂವರೀದು ಒಂದು ಬರದಂಗ ಮಾಡ್ರಿ. ನಮ್ಮಾಕಿ ಕೇಳಿದ್ರ ಸರ್ಕಾರದ ಆರ್ಡರ್ ಐತಿ ಅನ್ರಿ."

ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ನಗಲಿಲ್ಲ. ಆ ಚಾನೆಲ್ಲನ್ನು ಬಂದ್ ಮಾಡಿ, ಅವನ ಹೆಗಲ ಮೇಲೆ ಕೈಯಿಟ್ಟ. "ರೊಕ್ಕಾ ಬ್ಯಾಡ್ರಿ. ಇಂಥಾ ಕೆಲಸಕ್ಕ ರೊಕ್ಕಾ ತಗೋಬಾರದು."

ಗಿರಾಕಿಗೆ ಒಂದು ರೂಪಾಯಿ ಬಿಡದ ನಮ್ಮಣ್ಣನಿಗೆ ಜ್ವರ ಬಂದಿರಬೇಕೆಂದು ನಾನು ದಾರಿಯುದ್ದಕ್ಕೂ ಅವನ ಬೆನ್ನು ಮುಟ್ಟಿ ನೋಡುತ್ತ ಬಂದೆ.

ಲಿಂಗಸುಗೂರಿನ ಚಾಚಾ

ಲಿಂಗಸುಗೂರಿನಲ್ಲಿ ಕಿರಾಣಿ ಅಂಗಡಿಯ ಚಾಚಾನ ಮನೆ. ಸಂಜೆ ಏಳೂವರೆ ದಾಟಿತ್ತು. ಮಾಳಿಗೆ ಮೇಲಿಂದ ಎಷ್ಟು ಕೂಗಿದರೂ ಕೆಳಗಿನಿಂದ ಉತ್ತರವಿಲ್ಲ. ಕೊನೆಗೆ ಚಾಚಾ ಹೊರಗೆ ಬಂದರು.

"ಅರೆ ಭಾಯಿ, ಚಿತ್ರ ಬಂದು ಬಹಳ ಹೊತ್ತಾತು. ನಿಮ್ಮಣ್ಣ ಗ್ವಾಡಿ ಕಡೆ ಮುಖಾ ಮಾಡಿ ನಿಂತಾನ."

ಟಿವಿಯನ್ನೂ ನೋಡದಷ್ಟು ಸಿಟ್ಟೇ ನನ್ನ ಮೇಲೆ? ನನಗೆ ಕಣ್ಣು ತುಂಬಿ ಬಂತು. ಇಳಿದು ಬಂದು ಚಾಚಾನಿಗೆ ಎಲ್ಲ ಹೇಳಿಕೊಂಡೆ. ಅವರು ಗಡ್ಡ ಸವರಿಕೊಂಡು ಕೇಳಿದರು: "ಸೀರಿಯಲ್ಲಿನ್ಯಾಗ ದೆವ್ವ ಹೊಕ್ಕರೂ ಅಣ್ಣತಮ್ಮರು ಬಿಟ್ಟು ಹೋಗವಲ್ರು. ನಿಮ್ಮ ಮನ್ಯಾಗ ದೆವ್ವನೂ ಇಲ್ಲದನ ಇಷ್ಟು ಲಡಾಯಿ? ದೆವ್ವದ ಖರ್ಚು ಉಳಸಾಕತ್ತೀರೇನು ಭಾಯಿ?"

ಮಸ್ಕಿಯಲ್ಲಿ ವಾಟ್ನಿ

ಭಾನುವಾರ ಸಂಜೆ ಮಸ್ಕಿಯಲ್ಲಿ ಮಾವ ನಮ್ಮಿಬ್ಬರನ್ನು ಎದುರು ಕೂರಿಸಿಕೊಂಡ. ವಾಟ್ನಿ, ಅಂದರೆ ಊರು ಹಂಚುವ ಮಾತು, ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದಳು: "ಗಾಳಿಗೆ ಡಿಶ್ ತಿರುಗೈತಿ, ಏಳೂವರಿ ಆತು!"

ಮಾವ ಎದ್ದು ನಿಂತ. "ವಾಟ್ನಿ ಆಮ್ಯಾಲ. ಮದಲ ಅದನ್ನ ಸರಿ ಮಾಡ್ರಿ. ಇವತ್ತು ತಮ್ಮ ಉಳೀತಾನೋ ಇಲ್ಲೋ ಗೊತ್ತಾಗ್ತೈತಿ."

ಅಣ್ಣ ನಿಚ್ಚಣಿಕೆಗೆ ಓಡಿದ. ನಾನು ಹಿಡಿದು ಎಳೆದೆ. ಅವನು ಒಂದು ಕಡೆ, ನಾನು ಒಂದು ಕಡೆ ಜಗ್ಗಾಡಿದೆವು. ಮಾವ ಬೈದು ನನ್ನನ್ನೇ ಹತ್ತಿಸಿದ.

ಡಿಶ್ ತಿರುಗಿಸಿ "ಬಂತೇನ್ರೀ?" ಅಂದೆ. ಉತ್ತರವಿಲ್ಲ. ಅರ್ಧ ಇಳಿದು ಕಿಟಕಿಯಲ್ಲಿ ಇಣುಕಿದೆ. ಚಿತ್ರ ಸ್ವಚ್ಛ ಬಂದಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಟಿವಿಯಲ್ಲಿ ತಮ್ಮ "ಅಣ್ಣಾ..." ಎಂದು ಚೀರಿದ. ನಮ್ಮಣ್ಣ ಟಿವಿ ಪಕ್ಕದಲ್ಲೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದ.

ಮಾವ ಟವೆಲ್ ಎಳೆದ. "ಅಯ್ಯ ಇವನ, ದೆವ್ವಕ್ಕ ಅಂಜತೀಯೇನಲೇ?"

ಅಣ್ಣ ಕಿಟಕಿಯಲ್ಲಿದ್ದ ನನ್ನನ್ನು ನೋಡಿದ. ಎಷ್ಟೋ ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು: "ಮ್ಯಾಲಿದ್ರ ಇದು ಕಾಣ್ತಿದ್ದಿಲ್ಲ. ನೀ ನನ್ನ ತಂದು ಇದರ ಮುಂದ ನಿಲ್ಲಿಸಿದಿ. ದೆವ್ವಕ್ಕ ಅಲ್ಲಲೇ ನಾ ಅಂಜೋದು. ಆ ಹುಡುಗ ಅಣ್ಣಾ ಅಂತ ಚೀರಿದ ಕೂಡ್ಲೇ, ನೀನ ಮಾಳಿಗಿ ಮ್ಯಾಲಿಂದ ಬಿದ್ದಿ ಅನಸ್ತೈತಿ."

"ಹಂಗಂತ ಹೇಳಬಾರದೇನು? ಬ್ಯಾರಿ ಆಗಬೇಕೇನು?"

"ಮಂದಿ ಮುಂದ ಟೀವಿಗೆ ಅಂಜತೀನಿ ಅನ್ನೋದಕಿಂತಾ ಬ್ಯಾರಿ ಆಗೋದು ಹಗೂರ ಅನಿಸ್ತಲೇ!"

ನನಗೆ ಅಳು ಬಂತು, ಸಿಟ್ಟೂ ಬಂತು. ನಟ್ಟು ಬಿಗಿಯುವುದು ಬಾಕಿ ಇತ್ತು, ಮತ್ತೆ ಮೇಲೆ ಹೋದೆ. ಹಿಂದೆಯೇ ಅವನೂ ಕಾಲೆಳೆಯುತ್ತ ಹತ್ತಿ ಬಂದ. ಕೈಹಿಡಿದು ಮೇಲೆಳೆದುಕೊಂಡೆ. ಇಬ್ಬರೂ ಏದುಸಿರು ಬಿಡುತ್ತ ಕೂತೆವು.

"ಆ ಹುಡುಗ ಉಳದಾನೇನಲೇ?" ಎಂದು ಮೆಲ್ಲಗೆ ಕೇಳಿದ.

"ಉಳದಾನ, ಆರಾಮ ಅದಾನ" ಅಂದೆ. ನನಗೇನು ಗೊತ್ತು?

ಅದೇ ಹೊತ್ತಿಗೆ ಕೆಳಗೆ ಅತ್ತೆ ಗೊಳೋ ಎಂದು ಅತ್ತಳು: "ಹೋದನಲ್ಲೋ ತಮ್ಮ!"

ಅಣ್ಣ ಎರಡೂ ಕೈಯಿಂದ ನನ್ನ ಅಂಗಿ ಹಿಡಿದ. "ನಡೀಲೇ, ಕೆಳಗ ಇಳಿ. ಇನ್ನ ನೀನೂ ಹತ್ತಬ್ಯಾಡ."

"ನೀನೂ ಹತ್ತಂಗಿಲ್ಲ, ನಾನೂ ಹತ್ತಂಗಿಲ್ಲ. ಮತ್ತ ಡಿಶ್ ಯಾರು ಕೂಡಸೋದು?"

"ಯಾರೂ ಬ್ಯಾಡ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಿನವರು ರೇಡಿಯೋ ಕೇಳಲಿ!"