ಸಿಗ್ನಲ್ ಸಿಗದ ಸಿಮ್ಮು

ಹೆದರಿದವನ ಮೇಲೆ ಹಾವು ಎಸೆದಂತೆ ಅನ್ನುವ ಗಾದೆ ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ, ನನ್ನ ಪಾಲಿಗಂತೂ ಹಾವುಗಳಿಗೆ ಯಾವತ್ತೂ ಬರ ಬಂದಿಲ್ಲ. ಹರಿಯಬ್ಬೆ ಕಡೆಯ ಪಶು ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಹಾಯುವ ಗೂಳಿಗೆ ಹೆದರಿದವನಲ್ಲ, ಒದೆಯುವ ಎಮ್ಮೆಗೆ ಹೆದರಿದವನಲ್ಲ. ಹೆದರುತ್ತಿದ್ದದ್ದು ಚಿತ್ರದುರ್ಗದಲ್ಲಿ ಕೂರುತ್ತಿದ್ದ ನಮ್ಮ ದೊಡ್ಡ ಸಾಹೇಬರಿಗೆ ಮಾತ್ರ. ಆ ಸಾಹೇಬರ ಧ್ವನಿ ನನ್ನ ಜೇಬಿನೊಳಗೇ ಬಂದು ಕೂರುವ ಕಾಲ ಬರುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

೧. ಎದ್ದು ನಿಂತವರು

ಮೊಬೈಲಿನಲ್ಲಿ ಒಳಗೆ ಬರುವ ಕರೆಗೂ ದುಡ್ಡು ಮುರಿಯುವುದು ನಿಂತು ಒಂದೆರಡು ವರ್ಷವಾಗಿತ್ತು. ದುರ್ಗದ ಮೀಟಿಂಗಿನಲ್ಲಿ ಸಾಹೇಬರು, ಇನ್ನು ಹದಿನೈದು ದಿನದಲ್ಲಿ ಎಲ್ಲರೂ ಮೊಬೈಲ್ ಇಟ್ಟುಕೊಳ್ಳಬೇಕು, ಕರೆದಾಗ ಸಿಗಬೇಕು ಎಂದರು. ಅಲ್ಲಿಯವರೆಗೆ ಆಫೀಸಿನ ಫೋನ್ ಬಡಿದುಕೊಂಡರೆ "ಪಕ್ಕದೂರಿಗೆ ಹೋಗವ್ರೆ" ಎಂದು ಜವಾನ ಹೇಳಿಬಿಡುತ್ತಿದ್ದ. ಆ ಪಕ್ಕದೂರು ಎಷ್ಟು ಜನರ ನೌಕರಿ ಉಳಿಸಿತ್ತೋ ಲೆಕ್ಕವಿಲ್ಲ.

ಹೊಳಲ್ಕೆರೆಯ ಹಿರಿಯ ಕಾಂಪೌಂಡರ್ ಒಬ್ಬರು ನನಗಿಂತ ಅಂಜುಬುರುಕರು. ಅವರು ಮಾರನೆಯ ದಿನವೇ ಮೊಬೈಲ್ ಕೊಂಡರು. ಅದು ಕೂಗಿದರೆ ಎದ್ದು ನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಆಮೇಲೆ ಗುಂಡಿ ಒತ್ತುತ್ತಿದ್ದರು. ಒಮ್ಮೆ ದುರ್ಗದ ಬಸ್ಸಿನಲ್ಲಿ, ಟವೆಲ್ ಹಾಕಿ ಜಗಳವಾಡಿ ಹಿಡಿದ ಸೀಟಿನಲ್ಲಿ ಕೂತಿದ್ದಾಗ ಫೋನ್ ಬಂತು. ಅವರು ಎದ್ದು ನಿಂತು ನಮಸ್ಕಾರ ಮಾಡುವಷ್ಟರಲ್ಲಿ ಆ ಸೀಟಿನಲ್ಲಿ ಇನ್ನೊಬ್ಬ ಕೂತಾಗಿತ್ತು. ಫೋನ್ ಮಾಡಿದ್ದು ಅವರ ಹೆಂಡತಿ.

೨. ನನ್ನ ಆಯ್ಕೆ

ನಾನು ಕೊನೆಯ ದಿನದವರೆಗೂ ತಳ್ಳಿ, ಹಿರಿಯೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಸೆಟ್ಟು ಆರಿಸುವುದು ಸುಲಭವಾಯಿತು. ಟಾರ್ಚ್ ಇರುವುದು ತೆಗೆದುಕೊಂಡೆ, ಯಾರೂ ಕರೆಯದಿದ್ದರೂ ಉಪಯೋಗಕ್ಕೆ ಬರುತ್ತದೆ. ಕಷ್ಟವಾದದ್ದು ಸಿಮ್ಮು. ಅಂಗಡಿಯವನು ಒಂದೊಂದೇ ಕಂಪನಿಯ ಹೆಸರು ಹೇಳಿ, ಇದು ಹರಿಯಬ್ಬೆ ಕಡೆ ಚೆನ್ನಾಗಿ ಸಿಗುತ್ತದೆ, ಇದು ಪರವಾಗಿಲ್ಲ ಎಂದು ವಿವರಿಸುತ್ತಿದ್ದ. ನಾನು ಆಚೀಚೆ ನೋಡಿ, ಯಾವುದು ಸಿಗುವುದಿಲ್ಲ ಎಂದು ಮೆಲ್ಲಗೆ ಕೇಳಿದೆ.

ಅವನು ನಗಲಿಲ್ಲ. ಕೆಳಗಿನ ಡ್ರಾಯರ್ ಎಳೆದ.

"ಗೌರ್ಮೆಂಟ್ ನೌಕರಿನಾ ಸಾರ್? ಅದನ್ನ ಬೇರೆ ಇಟ್ಟಿದೀನಿ ನೋಡ್ರಿ. ನಿನ್ನೆ ಇಬ್ರು ಮೇಷ್ಟ್ರು ತಗಂಡೋದ್ರು."

ನಗುತ್ತಲೇ ಫಾರಂ ತುಂಬಿದೆನಾದರೂ ಒಳಗೊಳಗೆ ಅಳುಕಿತ್ತು. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ಹೊಸದುರ್ಗದ ತವರಿಗೆ ಹೋಗಿದ್ದಳು. ನೋವು ಬಂದ ತಕ್ಷಣ ಸುದ್ದಿ ಮುಟ್ಟಲಿ, ಅದಕ್ಕಾದರೂ ಒಂದು ಮೊಬೈಲ್ ತಗೊಳ್ರಿ ಎಂದು ಅವಳೂ ಅಂದಿದ್ದಳು. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ತಿಂಗಳಿದೆ, ಅಷ್ಟರೊಳಗೆ ಒಳ್ಳೆಯ ಸಿಮ್ಮು ಹಾಕಿಸಿದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಹೆಂಡತಿಗಿಂತ ಸಾಹೇಬರಿಗೆ ಹೆಚ್ಚು ಹೆದರಿದ ಗಂಡ ದುರ್ಗ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

೩. ಕಲ್ಲಿನ ಮೇಲೆ ಮೂರು ಕಡ್ಡಿ

ಒಂದು ವಾರ ಸ್ವರ್ಗ. ಮೊಬೈಲ್ ಜೇಬಿನಲ್ಲಿತ್ತು, ಸಾಹೇಬರು ದುರ್ಗದಲ್ಲಿದ್ದರು. ಆಮೇಲೆ ಒಂದು ಮಧ್ಯಾಹ್ನ, ಕುರಿ ಸಾಕುವ ಯಜಮಾನರೊಬ್ಬರ ಮನೆಯಲ್ಲಿ ಮುದ್ದೆ ಊಟ ಮಾಡಿ, ಬೇವಿನ ಮರದ ಕೆಳಗೆ ಮಲಗಿದ್ದೆ. ಕಣ್ಣು ಬಿಟ್ಟರೆ ಪಕ್ಕದಲ್ಲಿ ಮೊಬೈಲ್ ಇಲ್ಲ. ಯಜಮಾನರು ದಿಬ್ಬದ ಬಂಡೆಯ ಮೇಲೆ ನಿಂತು ಅದನ್ನು ಕಿವಿಗೆ ಇಟ್ಟುಕೊಂಡಿದ್ದರು. ಡಾಕ್ಟರ ಫೋನಿಗೆ ಪಾಪ ಸಿಗ್ನಲ್ ಇಲ್ಲವಲ್ಲ ಎಂದು ಮರುಗಿ, ಅದು ಸಿಗುವ ಜಾಗ ಹುಡುಕಿಕೊಂಡು ಹೋಗಿದ್ದರಂತೆ. ನಮ್ಮಲ್ಲಿ ದನಕ್ಕೆ ಸೂಜಿ ಚುಚ್ಚುವವರೆಲ್ಲ ಡಾಕ್ಟರೇ. ಮೂರು ಕಡ್ಡಿ ಬಂದದ್ದೇ ತಡ, ಕರೆಯೂ ಬಂದಿತ್ತು.

"ಇಲ್ಲೇ ಅವ್ರೆ ಸಾರ್," ಎಂದು ಯಜಮಾನರು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. "ಉಂಡು ಮನಿಕ್ಯಂಡವ್ರೆ. ಗೊರಕೆ ಹೊಡಿತಾವ್ರೆ. ಎಬ್ಬಿಸ್ಲಾ?"

ಎಬ್ಬಿಸುವುದು ಬೇಡ, ನಾನೇ ಬಂದು ಎಬ್ಬಿಸುತ್ತೇನೆ ಎಂದರಂತೆ ಸಾಹೇಬರು.

೪. ಜೀಪು

ಅಂದಿನಿಂದ ಯಾವ ಗಾಡಿಯ ಸದ್ದು ಕೇಳಿದರೂ ಎದ್ದು ರಸ್ತೆಯ ಕಡೆ ನೋಡುತ್ತಿದ್ದೆ. ಹೆದರಲು ಕಾರಣವೂ ಇತ್ತು. ಆ ಯಜಮಾನರ ಕುರಿಗಳಿಗೆಲ್ಲ ಲಸಿಕೆ ಹಾಕಿ ಮುಗಿಸಿದ್ದೇನೆ ಎಂದು ವರದಿ ಬರೆದು ಕಳಿಸಿದ್ದೆ, ಒಂದಕ್ಕೂ ಹಾಕಿರಲಿಲ್ಲ. ಸಾಹೇಬರು ಬರುವುದರೊಳಗೆ ಮುಗಿಸೋಣವೆಂದು ಎರಡು ದಿನ ಬಿಟ್ಟು ಬೆಳಿಗ್ಗೆಯೇ ಅವರ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಗೆ, ಹೋದೆ. ಎಲ್ಲಿಗೆ ಹೋಗುತ್ತೇನೆಂದು ಆಸ್ಪತ್ರೆಯಲ್ಲಿ ಹೇಳಿ ಬಂದದ್ದೇ ತಪ್ಪಾಯಿತು. ಹತ್ತು ಕುರಿ ಆಗಿರಲಿಲ್ಲ, ಸಾಹೇಬರ ಜೀಪು ಬಂತು.

ಓಡಲು ಇದ್ದದ್ದು ಒಂದೇ ಬಾಗಿಲು, ಅಲ್ಲಿ ಸಾಹೇಬರು. ಬೇಲಿಯ ಮೇಲಿದ್ದ ಯಜಮಾನರ ಕರಿ ಕಂಬಳಿ ಎಳೆದು ಹೊದ್ದು ಕುರಿಗಳ ನಡುವೆ ನಾಲ್ಕು ಕಾಲಿನಲ್ಲಿ ಕೂತೆ. ಒಂದು ಟಗರು ಮೂಸಿ ನೋಡಿ, ಒಪ್ಪಿಗೆಯಾಗದೆ, ಬೆನ್ನಿಗೆ ಗುದ್ದಿತು. ಹಲ್ಲು ಕಚ್ಚಿಕೊಂಡೆ.

ಕಾಂಪೌಂಡರ್ ಎಲ್ಲಿ ಎಂದು ಸಾಹೇಬರು ಕೇಳಿದರು. ಮೊನ್ನೆ ನನ್ನನ್ನು ಸಿಕ್ಕಿಸಿದ ಪಾಪಕ್ಕೆ ಯಜಮಾನರು ಈ ಸಲ ಗಟ್ಟಿಯಾಗಿ ನಿಂತರು. "ಪಕ್ಕದೂರಿಗೆ ಹೋಗವ್ರೆ ಸಾರ್," ಅಂದರು.

ಸಾಹೇಬರು ಬೈಯದೆ, ಬಂದ ಕಾರಣ ಹೇಳತೊಡಗಿದರು. ಹೊಸದುರ್ಗದ ಆಸ್ಪತ್ರೆಯಿಂದ ನನ್ನ ಬಾಮೈದ ಬೆಳಗಿನ ಜಾವದಿಂದ ನನ್ನ ಮೊಬೈಲಿಗೆ ಮಾಡಿ ಮಾಡಿ ಸಾಕಾಗಿ, ಕೊನೆಗೆ ಹಿರಿಯೂರಿನ ಆಫೀಸಿಗೆ ಮಾಡಿದನಂತೆ. ತಪಾಸಣೆಗೆಂದು ಅಲ್ಲಿದ್ದ ಸಾಹೇಬರೇ ಫೋನ್ ಎತ್ತಿದರಂತೆ. ಇನ್ನೂ ತಿಂಗಳಿರುವಾಗಲೇ ರಾತ್ರಿ ನೋವು ಬಂತಂತೆ.

ಅಷ್ಟು ಹೇಳಿ ಅವರು ಬೇಲಿಯ ಕಡೆ ನಡೆದರು. ಆ ಕ್ಷಣಕ್ಕೆ ಸಾಹೇಬರ ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು, ಅವಳೊಬ್ಬಳೇ ಕಣ್ಣ ಮುಂದೆ ಬಂದಳು. ಏಳಬೇಕು, ಕೇಳಬೇಕು. ಕಂಬಳಿ ಸರಿಸಲು ಕೈ ಎತ್ತಿದೆ.

ಸಾಹೇಬರು ಬೇಲಿಯ ಹತ್ತಿರ ಬಂದು, ರೊಪ್ಪದೊಳಗೆ ಒಮ್ಮೆ ಕಣ್ಣಾಡಿಸಿ, ಯಜಮಾನರ ಕಡೆ ತಿರುಗಿದರು.

"ಅಲ್ಲಿ ಚಪ್ಪಲಿ ಹಾಕ್ಕಂಡಿರೋ ಕುರಿ ಐತಲ್ಲ, ಅದಕ್ಕೆ ಹೇಳ್ರಿ. ಹೆಣ್ಣು ಮಗು, ತಾಯಿ ಮಗು ಇಬ್ರೂ ಚೆನ್ನಾಗವ್ರೆ. ಬಂದು ಜೀಪು ಹತ್ತಲಿ, ಹೊಸದುರ್ಗಕ್ಕೆ ಹೋಗಾಣ."