ನಮ್ಮೂರ ಕಟಿಂಗ್ ಶಾಪಿನ ಕುರ್ಚಿ

ಹೈಸ್ಕೂಲಿನಲ್ಲಿ ಸಂವಿಧಾನದ ಪಾಠ ಮಾಡುವವನ ಪಾಡು ಯಾರಿಗೂ ಬೇಡ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಲೆಕ್ಕ ಊರಿನೊಳಗೂ ಹಾಗೇ ಇರುತ್ತದೆ. ನಾನು ಬರೆದದ್ದು ಮಾತ್ರ ಸ್ಕೂಲಿನ ಗೇಟು ದಾಟುವಷ್ಟರಲ್ಲಿ ಏನೇನೋ ಆಗಿ, ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗವೊಂದು ಎದುರು ಬಂದು ನಿಲ್ಲುತ್ತದೆ. ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ಕಡೆ, ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ಸಿಗುವ ಊರು ಅದು. ಹೆಸರು ಬೇಡ, ಅಲ್ಲಿಯವರಿಗೆ ನಾನು ಈಗಲೂ ಬೇಕಾದವನು.

೧. ಚೀಟಿ

ಒಂಬತ್ತನೇ ಕ್ಲಾಸಿಗೆ ಮೂಲಭೂತ ಹಕ್ಕುಗಳ ಪಾಠ ಮುಗಿಸಿದ ಮರುದಿನ, ಒಬ್ಬಳು ವಿದ್ಯಾರ್ಥಿನಿಯ ತಾತ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದವರು, ಊರಾಚೆಯ ಕಾಲೋನಿಯಲ್ಲಿ ಮನೆ. ಅಂಗಡಿಗಳ ಬಗ್ಗೆ ಮೊಮ್ಮಗಳು ಹೇಳಿದ್ದು ನಿಜವೇ ಅಂತ ಕೇಳಿದರು. ನಿಜ, ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿಯೊಳಗೆ ಬಿಡದೆ ಇರುವ ಹಾಗಿಲ್ಲ, ಹದಿನೈದನೇ ವಿಧಿಯಲ್ಲೇ ಇದೆ ಅಂದೆ, ಏನೋ ನಾನೇ ಕೂತು ಬರೆದವನ ಹಾಗೆ.

"ಕಟಿಂಗ್ ಶಾಪೂ ಅಂಗಡೀನೇ ಅಲ್ವಾ ಸಾ?" ಅಂದರು.

ಆಗ ನನಗೆ ಹೊಳೆಯಿತು. ಊರಿಗೆ ಇದ್ದದ್ದು ಒಂದೇ ಕಟಿಂಗ್ ಶಾಪು. ಮೂರು ವರ್ಷ ನಾನು ಅದೇ ಕುರ್ಚಿಯಲ್ಲಿ ಕೂತು ತಲೆ ಕೊಟ್ಟಿದ್ದೇನೆ. ಕಾಲೋನಿಯ ಒಬ್ಬರನ್ನೂ ಅಲ್ಲಿ ನೋಡಿರಲಿಲ್ಲ, ನೋಡಿಲ್ಲ ಅನ್ನುವುದೂ ತಲೆಗೆ ಬಂದಿರಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಆ ವಿಧಿಯನ್ನು ನನ್ನ ಕೈಲಿ ಒಂದು ಹಾಳೆಯಲ್ಲಿ ದುಂಡಗೆ ಬರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರು ಅಂಗಡಿಗೆ ಹೋದರು. ನಾನೂ ಹಿಂದೆ ಹೋದೆ. ಅಂಗಡಿಯವನು ಚೀಟಿಯನ್ನು ಎರಡು ಸಲ ಮನಸ್ಸಿಟ್ಟು ಓದಿದ. ಮಡಿಸಿ ವಾಪಸ್ ಕೊಟ್ಟ. "ಚೆನ್ನಾಗ್ ಬರ್ದವ್ರೆ," ಅಂದ. ಆಮೇಲೆ ಶಟರ್ ಎಳೆದ.

೨. ಬಸ್ಸು

ಶಟರ್ ಮೇಲೇಳಲಿಲ್ಲ. ನಾನು ಅವನ ಮನೆಗೇ ಹೋಗಿ ಕೇಳಿದೆ. ಕಾಲೋನಿಯವರನ್ನು ಕೂರಿಸಿದರೆ ಊರಿನವರು ಬರುವುದಿಲ್ಲ, ಕೂರಿಸದಿದ್ದರೆ ಕೇಸು, ಎರಡಕ್ಕಿಂತ ಬಾಗಿಲು ಹಾಕುವುದೇ ವಾಸಿ ಅಂದ. "ನಂಗೇನ್ ಊರೋರ್ ಜಗಲಿ ಮ್ಯಾಲೆ ಜಾಗ ಐತಾ ಮೇಷ್ಟ್ರೇ?" ಅಂತ ನನ್ನನ್ನೇ ಕೇಳಿದ.

ಹೀಗಾಗಿ ಭಾನುವಾರ ಬಂದರೆ ಇಡೀ ಊರು ಕಟಿಂಗಿಗೆ ಬಸ್ಸು ಹತ್ತಿ ಅರಸೀಕೆರೆಗೆ ಹೊರಡತೊಡಗಿತು. ಊರ ಯಜಮಾನರು, ಗ್ಯಾಂಗ್‌ಮನ್ ತಾತ, ನಾನು, ಎಲ್ಲರಿಗೂ ಬಸ್ ಸ್ಟ್ಯಾಂಡಿನ ಹತ್ತಿರದ ಒಂದೇ ಅಂಗಡಿ. ಯಜಮಾನರು ಎದ್ದ ಕುರ್ಚಿಯಲ್ಲಿ ತಾತ ಕೂರುತ್ತಿದ್ದರು. ಅದೇ ಬಟ್ಟೆ, ಅದೇ ಬಾಚಣಿಗೆ. ಯಜಮಾನರು ಆಗ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹೋದ ವರ್ಷದ ಕ್ಯಾಲೆಂಡರ್ ಅದು.

ಯಜಮಾನರಿಗೆ ಒಂದು ಚಾಳಿ. ಎಷ್ಟೇ ನೀಟಾಗಿ ಕತ್ತರಿಸಿರಲಿ, ಏಳುವಾಗ ಕನ್ನಡಿ ನೋಡಿ, "ಹಿಂದ್ಗಡೆ ಸ್ವಲ್ಪ ಜಾಸ್ತಿ ತಗ್ದುಬುಟ್ಟೆ ಕಣಪ್ಪ" ಅನ್ನದೆ ಹೊರಡುತ್ತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ತಾತ ಅದನ್ನು ನೆನೆದು ನಕ್ಕರು. ನಗುತ್ತಲೇ ಅಂದರು: "ಅರಸೀಕೆರೇಲಿ ಕುಂತ್ಕಂಡಿದ್ದು ಯಾವ್ ಲೆಕ್ಕ ಸಾ, ಅಲ್ಲಿ ನಾನ್ಯಾರು ಅಂತ ಯಾರ್ಗ್ ಗೊತ್ತು. ನಮ್ಮೂರ್ ಕುರ್ಚೀಲಿ ಕುಂತು, ಹಂಗೊಂದ್ ತಕರಾರು ತಗೀಬೇಕು."

೩. ಪೇಪರ್ ಲೋಟ

ತಾತನ ಅರ್ಜಿಗಳನ್ನು ಬರೆಯುವ ಕೆಲಸ ನನ್ನದಾಯಿತು. ಎರಡು ವರ್ಷ ಬರೆದೆ. ಇಬ್ಬರು ಅಧಿಕಾರಿಗಳು ವರ್ಗವಾಗಿ ಹೋದರು, ಮೊಮ್ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಬೇಲೂರಿನ ಕಾಲೇಜು ಸೇರಿದಳು. ಕೊನೆಗೊಬ್ಬರು ಅಧಿಕಾರಿ ಬಂದು ಯಜಮಾನರ ಮನೆ ಮುಂದೆ ಶಾಂತಿ ಸಭೆ ಕರೆದರು. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಸಂವಿಧಾನದ ಪೀಠಿಕೆ ಓದಿಸಿದರು. ಯಜಮಾನರದೇ ದೊಡ್ಡ ದನಿ. ಭ್ರಾತೃತ್ವ ಅನ್ನುವಲ್ಲಿ ಅವರ ಗಂಟಲು ಕಟ್ಟಿದ್ದನ್ನು ನಾನೇ ಕೇಳಿದ್ದೇನೆ.

ಆಮೇಲೆ ಟೀ ಬಂತು. ಜಗಲಿಯ ಮೇಲಿದ್ದವರಿಗೆ ಸ್ಟೀಲ್ ಲೋಟ, ಮರದ ಕೆಳಗೆ ನಿಂತಿದ್ದ ಕಾಲೋನಿಯವರಿಗೆ ಪೇಪರ್ ಲೋಟ. ಅಧಿಕಾರಿಗೆ ಇದೇನೂ ಗೊತ್ತಿಲ್ಲ, ಶೀತವಾಗಿತ್ತೋ ಏನೋ, ತಮಗೆ ಪೇಪರ್ ಲೋಟದಲ್ಲೇ ಕೊಡಿ ಅಂದರು. ಯಜಮಾನರು ಗಾಬರಿಯಾಗಿ ಎದ್ದೇ ನಿಂತರು.

"ಬ್ಯಾಡಿ ಸಾ, ಅದು ನಿಮ್ಮಂಥೋರ್ಗಲ್ಲ."

ಅಧಿಕಾರಿ ಮರದ ಕಡೆ ನೋಡಿದರು, ಜಗಲಿಯ ಕಡೆ ನೋಡಿದರು. ಎದ್ದು ಹೋಗಿ ಪೇಪರ್ ಲೋಟ ತಗೊಂಡು ಮರದ ಕೆಳಗೆ ನಿಂತೇ ಕುಡಿದರು. ಸೋಮವಾರ ಅಂಗಡಿ ತೆರೆದಿರಬೇಕು, ನಾನೇ ಬರುತ್ತೇನೆ ಅಂದರು. ಎರಡು ವರ್ಷ ನನ್ನ ಅರ್ಜಿಗಳಿಂದ ಆಗದ್ದು ಯಜಮಾನರ ಒಂದು ಮಾತಿನಿಂದ ಆಯಿತು.

೪. ಕತ್ತರಿ

ಸೋಮವಾರ ಅಂಗಡಿಯ ಮುಂದೆ ಜೀಪು, ಇಬ್ಬರು ಪೊಲೀಸರು, ಅರ್ಧ ಊರು. ಯಜಮಾನರೂ ಬಂದು ಒಂದು ಕಡೆ ನಿಂತಿದ್ದರು. ತಾತ ಅದೇ ಇಸ್ತ್ರಿ ಅಂಗಿಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ಬಹಳ ಇಳಿದುಹೋಗಿದ್ದರು. ಆರು ತಿಂಗಳಿಂದ ಹಾಸನದ ಆಸ್ಪತ್ರೆಗೆ ಓಡಾಡುತ್ತಿದ್ದರು. ಯಾವ ಕಾಯಿಲೆ ಅಂತ ನಮಗೆ ಗೊತ್ತಿತ್ತು, ಯಾರೂ ಹೆಸರು ಹೇಳುತ್ತಿರಲಿಲ್ಲ.

ಕುರ್ಚಿಯ ಕೈಯನ್ನು ಒಮ್ಮೆ ಸವರಿ ಕೂತರು. ಅಂಗಡಿಯವನು ಬಿಳಿ ಬಟ್ಟೆ ಹೊದಿಸಿದ. ತಾತ ಟವೆಲ್ ಬಿಚ್ಚಿದರು.

ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಔಷಧಿಗೆ ಎಲ್ಲ ಉದುರಿಹೋಗಿತ್ತು.

ಪೊಲೀಸಿನವನೊಬ್ಬ ನಕ್ಕೇಬಿಟ್ಟ. ಜನವೂ ನಕ್ಕಿತು, ಅಧಿಕಾರಿ ಕೆಳಗೆ ನೋಡಿದರು. ಅಂಗಡಿಯವನು ಕತ್ತರಿ ಹಿಡಿದುಕೊಂಡು ನಿಂತೇ ಇದ್ದ. "ಏನ್ ಕತ್ತರಿಸ್ಲಿ ಯಜಮಾನ್ರೇ?" ಅಂತ ಮೆಲ್ಲಗೆ ಕೇಳಿದ. ಆ ಊರಲ್ಲಿ ಯಾರೂ ತಾತನನ್ನು ಅಲ್ಲಿವರೆಗೆ ಯಜಮಾನ್ರೇ ಅಂದಿರಲಿಲ್ಲ.

"ಏನೂ ಬ್ಯಾಡಪ್ಪ. ಸುಮ್ಕೆ ಕತ್ರಿ ಆಡ್ಸು. ಇಲ್ಲಿ ಕುಂತು ಆ ಸದ್ದು ಕೇಳ್ಬೇಕು."

ಅವನು ಶುರು ಮಾಡಿದ. ಕಿವಿಯ ಸುತ್ತ, ನೆತ್ತಿಯ ಮೇಲೆ, ಕತ್ತಿನ ಹಿಂದೆ, ಬಾಚಣಿಗೆ ಹಿಡಿದು ಗಾಳಿಯಲ್ಲೇ ಕತ್ತರಿಸುತ್ತಾ ಹೋದ. ತಾತ ಕಣ್ಣು ಮುಚ್ಚಿದ್ದರು. ನಗು ನಿಂತಿತ್ತು, ಕತ್ತರಿಯ ಸದ್ದು ಬಿಟ್ಟರೆ ಇನ್ನೇನೂ ಕೇಳಿಸುತ್ತಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿದೆ.

ಪೂರಾ ಒಂದು ಕಟಿಂಗಿನಷ್ಟು ಹೊತ್ತು ಆಡಿಸಿ, ಅಂಗಡಿಯವನು ಬಟ್ಟೆ ಕೊಡವಿ, ಕೈಗನ್ನಡಿಯನ್ನು ತಾತನ ತಲೆಯ ಹಿಂದೆ ಹಿಡಿದ. ತಾತ ಅತ್ತ ಇತ್ತ ತಿರುಗಿ ನಿಧಾನವಾಗಿ ನೋಡಿಕೊಂಡರು. ಆಮೇಲೆ ಕನ್ನಡಿಯಲ್ಲಿ ಕಾಣುತ್ತಿದ್ದ ಊರ ಯಜಮಾನರನ್ನೇ ನೋಡುತ್ತಾ ಅಂದರು:

"ಹಿಂದ್ಗಡೆ ಸ್ವಲ್ಪ ಜಾಸ್ತಿ ತಗ್ದುಬುಟ್ಟೆ ಕಣಪ್ಪ."