ಅಗ್ನಿಮೂಲೆಗೆ ಬಂದ ಜನರೇಟರ್

ನಮ್ಮನೆಯಲ್ಲಿ ಕರೆಂಟ್ ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಹೊಸೂರಿನ ಒಂದು ಲೇಔಟಿನ ಬಾಡಿಗೆ ಮನೆಯಲ್ಲಿ ನಾನು ಬ್ಲೌಸ್ ಹೊಲಿಯುವವಳು. ಹೊಲಿಗೆ ಮಿಷನ್ನು ಮೋಟರಿನದು. ಮದುವೆ ಸೀಸನ್ನಿನಲ್ಲಿ ಕರೆಂಟ್ ಕೈಕೊಟ್ಟರೆ ಎರಡೂ ಕಡೆಯ ಬೀಗರು ನನ್ನ ಬಾಗಿಲಲ್ಲಿ ಕೂರುತ್ತಾರೆ. ಅದಕ್ಕೇ ಸೂಳಗಿರಿಯಿಂದ ಒಂದು ಪೆಟ್ರೋಲ್ ಜನರೇಟರ್ ತಂದೆವು. ಕೆಳಗೆ ಚಕ್ರ, ಮೇಲೊಂದು ಹಿಡಿ, ಎಳೆದರೆ ಹಿಂದೆಯೇ ಬರುತ್ತದೆ. ಅದು ಬಂದ ಮೇಲೆ ನಮ್ಮತ್ತೆ, ನಮ್ಮ ಯಜಮಾನರು ಮತ್ತು ನಾನು ಬೀದಿಗೆಲ್ಲ ಪುಕ್ಕಟೆ ಮನರಂಜನೆ ಕೊಡುತ್ತಿದ್ದೇವೆ.

೧. ಬೆಂಕಿಯ ಜಾಗ

ಒಳಗೆ ಬೆಂಕಿ ಉರಿಯುವ ಸಾಮಾನು ಅಗ್ನಿಮೂಲೆಯಲ್ಲೇ ಇರಬೇಕೆಂದು ಅತ್ತೆ ತೀರ್ಪು ಕೊಟ್ಟರು. ನಮ್ಮನೆಯ ಅಗ್ನಿಮೂಲೆ ಅಂದರೆ ಅಡುಗೆಮನೆ. ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ತಾಯಿ ಮಗ ಸೇರಿ ಅದನ್ನು ಗ್ಯಾಸ್ ಸಿಲಿಂಡರ್ ಪಕ್ಕ ಕೂರಿಸಿ, ನೆಮ್ಮದಿಯಾಗಿ ಕಾಫಿ ಕಾಯಿಸುತ್ತಿದ್ದರು. ಮೊದಲು ಒಲೆ ಆರಿಸಿದೆ, ಆಮೇಲೆ ಬಾಯಿ ಬಿಟ್ಟೆ.

ಮಾರಿದವನು ಸಾರಿ ಸಾರಿ ಹೇಳಿದ್ದ: ಬಯಲಲ್ಲಿಡಿ, ಕಿಟಕಿ ಬಾಗಿಲಿಂದ ದೂರವಿಡಿ, ಆ ಹೊಗೆಯಲ್ಲಿರುವ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮನೆಯೊಳಗೆ ಸೇರಿದರೆ ಪ್ರಾಣವೇ ಹೋಗುತ್ತದೆ ಅಂತ. ಅತ್ತೆ ನಕ್ಕುಬಿಟ್ಟರು.

"ಸೌದೆ ಒಲೆ ಊದಿ ಊದಿ ಮಕ್ಳನ್ನ ಸಾಕ್ದೋಳು ನಾನು. ಕಣ್ಣಿಗೇ ಕಾಣ್ದಿರೋ ಹೊಗೆ ನನ್ನೇನ್ ಮಾಡ್ತದೆ?"

ಕೊನೆಗೆ ಜನರೇಟರ್ ಕಾಂಪೌಂಡಿನ ತುದಿಗೆ ಹೋಯಿತು. ಅದು ಈಶಾನ್ಯ, ನೀರಿರಬೇಕಾದ ಜಾಗ ಎಂದು ಅತ್ತೆ ಒಂದು ಕೊಡ ನೀರಿಟ್ಟರು. ಬೆಂಕಿ ಹತ್ತಿಕೊಂಡರೆ ಇರಲಿ ಎಂದು ಯಜಮಾನರು ಬಕೆಟ್ಟಿನಲ್ಲಿ ಮರಳು ತುಂಬಿಟ್ಟರು. ಬಿಸಿಲು ಮಳೆಗೆ ನಾನು ಮೇಲೊಂದು ತಗಡು ಹೊದಿಸಿದೆ. ಮಾರನೇ ಬೆಳಿಗ್ಗೆ ಹಾಲಿನವನು ನೀರು, ಮರಳು, ತಗಡು ಎಲ್ಲ ನೋಡಿ, ಓನರು ಮಹಡಿ ಎಬ್ಬಿಸ್ತಾ ಇದಾರಾ, ಬಾಡಿಗೆಗೆ ಕೊಡೋದಾದರೆ ಮೊದಲು ನನಗೆ ಹೇಳಿ ಅಂದ.

೨. ಕಂಪನಿ ಬೇರೆ, ಮನೆ ಬೇರೆ

ನಮ್ಮ ಯಜಮಾನರು ಫ್ಯಾಕ್ಟರಿಯಲ್ಲಿ ಸೇಫ್ಟಿ ಕಮಿಟಿ ಮೆಂಬರು. ಹೆಲ್ಮೆಟ್ ಹಾಕದವನನ್ನು ಗೇಟಿನಿಂದಲೇ ವಾಪಸ್ ಕಳಿಸುವ ಆಸಾಮಿ. ಇಂಥವರು ಒಂದು ಭಾನುವಾರ ಲುಂಗಿ ಎತ್ತಿ ಕಟ್ಟಿಕೊಂಡು, ಓಡುತ್ತಿರುವ ಜನರೇಟರಿನ ಟ್ಯಾಂಕಿಗೆ ಪೆಟ್ರೋಲ್ ಸುರಿಯಲು ಹೊರಟಿದ್ದರು. ಎಂಜಿನ್ ಕೆಂಡದಂತೆ ಕಾದಿತ್ತು. ನಾನು ಓಡಿಹೋಗಿ ಕ್ಯಾನ್ ಕಿತ್ತುಕೊಂಡೆ. ಆಫ್ ಮಾಡಿ, ತಣ್ಣಗಾದ ಮೇಲೆ ಹಾಕಿ ಅಂದೆ. ನಿನ್ನ ಗಿರಾಕಿ ಕಾಯ್ತಾವ್ರಲ್ಲ ಅಂದರು.

"ಕಂಪನೀಲಿ ಹಿಂಗೆ ಮಾಡ್ತೀರಾ?" ಅಂತ ಕೇಳಿದೆ.

"ಕಂಪನೀಲಿ ಮಾಡಿದ್ರೆ ಕೆಲ್ಸದಿಂದ ತೆಗೀತಾರೆ. ಮನೆಯಿಂದ ಯಾರು ತೆಗೀತಾರೆ?"

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು: "ನಾನು ತೆಗೀತೀನಿ ಕಣ್ಲಾ."

೩. ಮಂಗಳಾರತಿ

ಆಯುಧಪೂಜೆಗೆ ಅತ್ತೆ ಜನರೇಟರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ಕುಂಕುಮ ಗಾಳಿ ಎಳೆದುಕೊಳ್ಳುವ ಜಾಲರಿಯ ತನಕ ಹೋಗಿತ್ತು. ಅದಕ್ಕೆ ಅದೇ ಮೂಗು, ಉಸಿರು ಕಟ್ಟುತ್ತದೆ ಎಂದು ಬ್ರಷ್ ಹಿಡಿದು ತೆಗೆದೆ. ಅಷ್ಟಕ್ಕೆ ಒಪ್ಪಿದರು. ಆದರೆ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಟ್ಯಾಂಕಿನ ಹತ್ತಿರ ಬಂದಾಗ ನಾನು ಅಡ್ಡ ನಿಂತೆ. ಪೆಟ್ರೋಲಿನ ಆವಿಗೆ ಭಕ್ತಿ ಗಿಕ್ತಿ ಗೊತ್ತಾಗುವುದಿಲ್ಲ, ಆರತಿ ಎತ್ತುವುದಾದರೆ ಗೇಟಿನಾಚೆ ನಿಂತು ಎತ್ತಿ ಎಂದೆ. ಅತ್ತೆ ಗೊಣಗುತ್ತಲೇ ರಸ್ತೆಯಲ್ಲಿ ನಿಂತು, ಗಂಟೆ ಆಡಿಸುತ್ತ ಆರತಿ ಎತ್ತಿದರು.

ತಳಿ ಊರಿನ ಕಡೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಹೂವಿನವನು ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಆರತಿ ಕಣ್ಣಿಗೊತ್ತಿಕೊಂಡು ತಟ್ಟೆಗೆ ಕಾಸು ಹಾಕಿದ. ಒಳಗೆ ಯಾವ ದೇವರು ಎಂದು ಕೇಳಿದ. ಅತ್ತೆ ಸುಳ್ಳು ಹೇಳುವವರಲ್ಲ. ಜನರೇಟರ್ ಕಣಪ್ಪ ಅಂದರು. ಅವನು ಒಂದು ಗಳಿಗೆ ಯೋಚಿಸಿ ಮತ್ತೆ ಕೈಮುಗಿದ.

"ಇರ್ಲಿ ಬುಡವ್ವ, ಕರೆದಾಗ ಬೆಳಕು ಕೊಡ್ತದಲ್ಲ, ಸಾಕು."

೪. ಮಳೆ

ಎದುರು ಮನೆಯಾಕೆಯ ಮಗನ ಮದುವೆ, ಬರುವ ಸೊಸೆಯ ಬ್ಲೌಸುಗಳೆಲ್ಲ ನನ್ನ ಕೈಯಲ್ಲಿದ್ದವು. ಮದುವೆಗೆ ವಾರವಷ್ಟೇ ಇತ್ತು. ಮಧ್ಯಾಹ್ನ ಗಾಳಿ ಮಳೆ ಶುರುವಾಗಿ ಕರೆಂಟ್ ಹೋಯಿತು. ಯಜಮಾನರು ಶಿಫ್ಟಿಗೆ ಹೋಗಿದ್ದರು. ನಾನು ಜನರೇಟರ್ ಹಾಕಿ, ಹಿಂದಿನ ಕೋಣೆಯಲ್ಲಿ ಹೊಲಿಯುತ್ತ ಕೂತೆ.

ಅಷ್ಟರಲ್ಲಿ ಗಾಳಿಗೆ ತಗಡು ಹಾರಿಹೋಗಿದೆ. ಪೂಜೆ ಮಾಡಿದ ಸಾಮಾನು ನೆನೆಯುತ್ತಿದೆಯಲ್ಲ ಎಂದು ಅತ್ತೆಗೆ ಕರುಳು ಚುರಕ್ಕೆಂದು, ಓಡುತ್ತಿದ್ದ ಜನರೇಟರನ್ನು ಹಾಗೆಯೇ ಹಜಾರಕ್ಕೆ ಎಳೆದು ತಂದು, ಎರಚಲು ಹೊಡೆಯುತ್ತದೆಂದು ಬಾಗಿಲನ್ನೂ ಹಾಕಿದ್ದಾರೆ. ಸದ್ದು ಜೋರಾಯಿತು ಅನ್ನಿಸಿತು. ಮಳೆ ಇರಬೇಕು ಅಂದುಕೊಂಡು ಹೊಲಿಯುತ್ತಲೇ ಇದ್ದೆ. ತಲೆ ಸಿಡಿಯಲು ಶುರುವಾದಾಗ ಎದ್ದು ಹಜಾರಕ್ಕೆ ಬಂದು ನೋಡಿದರೆ, ಅತ್ತೆ ಜನರೇಟರಿನ ಪಕ್ಕ ಕುರ್ಚಿ ಹಾಕಿಕೊಂಡು, ಅದನ್ನು ಒರೆಸುತ್ತಿದ್ದ ಟವೆಲ್ ಕೈಯಲ್ಲೇ ಹಿಡಿದು, ಕತ್ತು ವಾಲಿಸಿ ಕೂತಿದ್ದಾರೆ. ಕೂಗಿದರೆ ಓಗೊಡಲಿಲ್ಲ.

ಸ್ವಿಚ್ ಆರಿಸಿ, ಬಾಗಿಲು ತಳ್ಳಿ, ಅತ್ತೆಯ ರಟ್ಟೆ ಹಿಡಿದು ಮಳೆಯಲ್ಲೇ ದರದರ ಎಳೆದುಕೊಂಡು ಗೇಟಿನಾಚೆ ಹಾಕಿದೆ. ಮಳೆನೀರು ಮುಖಕ್ಕೆ ಬಿದ್ದ ಮೇಲೆ ಕಣ್ಣು ಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

ಎದುರು ಮನೆಯಾಕೆ ಕಂಡದ್ದು ಇಷ್ಟೇ: ಸೊಸೆ ಅತ್ತೆಯನ್ನು ಬೀದಿಗೆ ಎಳೆದು ಹಾಕಿದಳು. ಕೊಡೆ ಹಿಡಿದು ಬಂದವಳೇ ತಮಿಳು, ತೆಲುಗು, ಕನ್ನಡ ಮೂರರಲ್ಲೂ ನನಗೆ ಮಂಗಳಾರತಿ ಮಾಡಿದಳು. ವಯಸ್ಸಾದವರು, ಅದೂ ಈ ಮಳೆಯಲ್ಲಿ, ನಿನ್ನ ಗಂಡ ಬರಲಿ ಇರು ಅಂದಳು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅತ್ತೆಗೆ ಮಾತಾಡಲು ಶಕ್ತಿಯಿಲ್ಲ, ನಾನು ಬಿಕ್ಕುತ್ತಲೇ ಅವರ ತಲೆ ಎತ್ತಿ ಹಿಡಿದಿದ್ದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೋ ಕೂಗಿದರೆ, ಊರಿಗೇ ಸಾಗಿಸ್ತಾಳೆ ನೋಡ್ರಿ ಎಂದು ಅದಕ್ಕೂ ಬೈದಳು.

ಆಟೋದಲ್ಲಿ ಕೂರಿಸಿದೆ. ನಾಲ್ಕು ಸಲ ಗಾಳಿ ಎಳೆದುಕೊಂಡ ಮೇಲೆ ಅತ್ತೆಗೆ ದನಿ ಬಂತು. ಪಕ್ಕದಿಂದ ತಲೆ ಹೊರಗೆ ಹಾಕಿ, ಆಕೆಯನ್ನು ಹತ್ತಿರ ಕರೆದರು.

"ಸುಮ್ಕಿರಮ್ಮ. ಇವ್ಳು ನನ್ನ ಆಚೆಗೆ ಎಳ್ದಾಕಿದ್ದಕ್ಕೇ ಜೀವ ಉಳ್ದದೆ. ಬರೋ ವಾರ ನಿಂಗೂ ಸೊಸೆ ಬತ್ತಾಳಲ್ಲ, ಅವ್ಳೂ ನಿನ್ನ ಹಿಂಗೇ ರಟ್ಟೆ ಹಿಡ್ದು ಬೀದಿಗೆ ಎಳ್ದಾಕ್ಲಿ ಅಂತ ಮನಸಾರೆ ಹರಸ್ತೀನಿ."